ಚಳ್ಳಕೆರೆ ಕಡೆ ಹಿತ್ತಲಲ್ಲಿ ಗಿಡ ಹಾಕೋರಿಗೆ ಮಣ್ಣಿನ ಬಗ್ಗೆ ಒಂದಿಷ್ಟು

ಹಿತ್ತಲಲ್ಲಿ ಏನು ಹಾಕ್ಬೋದು ಅಂತ ನಮ್ಮ ಕಡೆ ಜನ ಕೇಳ್ತಾನೇ ಇರ್ತಾರೆ, ನಿಮ್ಮ ಹಿತ್ತಲಿಂದು ಯಾವ ಮಣ್ಣು ಅಂತ ತಿರುಗಿ ಕೇಳಿದ್ರೆ ಮಾತ್ರ "ಅದೇ ನಮ್ ಕಡೆ ಮಣ್ಣು, ಏನೂ ಬರಲ್ಲ ಬಿಡಿ" ಅಂತಾರೆ. ಈ "ಏನೂ ಬರಲ್ಲ" ಕೇಳಿದಾಗೆಲ್ಲ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಆ ಕಡೆ ಪಾವಗಡ, ಇಲ್ಲೆಲ್ಲ ಮಳೆ ಕಡಿಮೆ ಅನ್ನೋದು ಸರಿ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷ ಇಲ್ಲೇ ಮಣ್ಣು ಕೆದಕ್ಕೊಂಡು ಇರೋ ನನಗೆ ಅನ್ನಿಸಿರೋದು ಏನಂದ್ರೆ, ಬೀಳೋ ಮಳೆ ಮಣ್ಣೊಳಗೆ ಇಳಿಯಲ್ಲ, ಇಳಿದಿದ್ದು ಬೇರಿಗೆ ಸಿಗಲ್ಲ, ಸಿಕ್ಕಿದ್ದು ಗಾಳಿಗೆ ಹಾರೋಗುತ್ತೆ, ಗಿಡ ಸಾಯೋದು ಹೆಚ್ಚಾಗಿ ಇದರಿಂದ. ಮಳೆ ನಮ್ಮ ಕೈಲಿಲ್ಲ, ಈ ಮೂರರ ವಿಷಯದಲ್ಲಿ ಏನಾದ್ರೂ ಮಾಡ್ಬೋದು.

ಮೊದ್ಲು ಮಳೆ ಲೆಕ್ಕ ಹೇಳ್ಬಿಡ್ತೀನಿ. ಚಳ್ಳಕೆರೆ ತಾಲೂಕಲ್ಲಿ ವರ್ಷಕ್ಕೆ ಸುಮಾರು 450ರಿಂದ 500 ಮಿ.ಮೀ. ಮಳೆ, ಇದೇ ರಾಜ್ಯದ ಆಗುಂಬೆಯಲ್ಲಿ 7000 ದಾಟುತ್ತೆ. ಘಟ್ಟ ಹತ್ತೋವಾಗಲೇ ಮುಂಗಾರು ಮೋಡ ಬಹುಪಾಲು ಸುರಿದುಬಿಡುತ್ತೆ, ನಮಗೆ ಬರೋದು ಗಾಳಿ. ಆಷಾಢದ ಗಾಳಿ ಹೆಂಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನ್ ಸಾಲುಸಾಲು ನಿಲ್ಲಿಸಿರೋದು ಸುಮ್ನೆ ಅಲ್ಲ. ಬಿಸಿಲು ಗಾಳಿ ಸೇರಿ ವರ್ಷದಲ್ಲಿ ನೆಲದಿಂದ ಎಳೆದುಕೊಳ್ಳಬಲ್ಲ ನೀರು ನಮಗೆ ಬೀಳೋ ಮಳೆಯ ಮೂರು ಪಟ್ಟು. ಇನ್ನೊಂದು, ನಮ್ಮ ಮಳೆ ಹಂಚಿಕೊಂಡು ಬರಲ್ಲ. ಮೇ ತಿಂಗಳಲ್ಲಿ ಭರಣಿ ಕೃತ್ತಿಕೆ ಒಂದೆರಡು ಹದ ಮಳೆ ಕೊಡುತ್ತೆ, ಜೂನ್ ಜುಲೈ ಬರೀ ಮೋಡ ಮತ್ತೆ ಗಾಳಿ, ಆಮೇಲೆ ಹುಬ್ಬೆ ಉತ್ತರೆಯಿಂದ ಹಿಡಿದು ಚಿತ್ತೆ ಸ್ವಾತಿವರೆಗೆ, ಅಂದ್ರೆ ಸೆಪ್ಟೆಂಬರ್ ಅಕ್ಟೋಬರಲ್ಲಿ, ವರ್ಷದ ದೊಡ್ಡ ಪಾಲು ಕೆಲವೇ ದಿನದಲ್ಲಿ ಹುಯ್ದು ಮುಗಿಯುತ್ತೆ. ಹಿರಿಯೂರಿನ ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಅನ್ನೋದು, 1907ರಲ್ಲಿ ಕಟ್ಟಿ ಮುಗಿದಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ನೋಡೋಕೆ 2022ರವರೆಗೆ ಕಾಯಬೇಕಾಯ್ತು. ಅಂಥಾ ಸೀಮೆ ಇದು.

ಇನ್ನು ಮಣ್ಣು. ನಮ್ಮಲ್ಲಿ ಮುಖ್ಯವಾಗಿ ಎರಡು, ಕೆಂಪು ಭೂಮಿ ಮತ್ತೆ ಎರೆ ಭೂಮಿ, ಅಂದ್ರೆ ಕಪ್ಪು ಮಣ್ಣು. ದಿಬ್ಬದ ಕಡೆ, ಗುಡ್ಡದ ಬುಡದಲ್ಲಿ ಕೆಂಪು, ತಗ್ಗಲ್ಲಿ, ಹಳ್ಳದ ಬದೀಲಿ ಎರೆ. ಒಂದೇ ಊರಲ್ಲಿ ಮೇಲಿನ ಕೇರಿಗೆ ಒಂದು, ಕೆಳಗಿನ ಕೇರಿಗೆ ಇನ್ನೊಂದು ಇರುತ್ತೆ. ಇವೆರಡರ ಗುಣ ಎಷ್ಟು ಬೇರೆ ಅಂದ್ರೆ ಒಂದಕ್ಕೆ ಹೇಳಿದ ಸಲಹೆ ಇನ್ನೊಂದಕ್ಕೆ ಕೇಡು ಮಾಡುತ್ತೆ, ಅದಕ್ಕೇ ಯೂಟ್ಯೂಬಲ್ಲಿ ಬೆಂಗಳೂರಿನ ತಾರಸಿ ತೋಟದವರು ಹೇಳಿದ್ದನ್ನ ಹಂಗೇ ತಂದು ಇಲ್ಲಿ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳೋದು, ಅವರು ಕೋಕೋಪೀಟ್ ತುಂಬಿದ ಬ್ಯಾಗಿನ ಬಗ್ಗೆ ಮಾತಾಡ್ತಿದ್ದಾರೆ, ನಾವು ನೆಲದ ಬಗ್ಗೆ.

ಕೆಂಪು ಮಣ್ಣು ನಮ್ಮ ಗ್ರಾನೈಟ್, ನೈಸ್ (gneiss) ಅನ್ನೋ ಬಂಡೆ ಸವೆದು ಆಗಿದ್ದು, ಕೆಂಪು ಬಣ್ಣ ಅದರಲ್ಲಿರೋ ಕಬ್ಬಿಣದ್ದು. ಮರಳು ಜಾಸ್ತಿ, ಜೇಡಿ ಕಡಿಮೆ, ಒಂದಡಿ ಎರಡಡಿ ಕೆಳಗೆ ಹೋದ್ರೆ ಗರಸು ಸಿಗುತ್ತೆ. ಅಗೆಯೋಕೆ ಸುಲಭ, ಬೇರು ಉಸಿರಾಡುತ್ತೆ, ಹಾಕಿದ ಗೊಬ್ಬರ ಬೇಗ ತೋರಿಸುತ್ತೆ, ಶೇಂಗಾ ನಮ್ಮಲ್ಲಿ ಅಷ್ಟು ಚೆನ್ನಾಗಿ ಬಂದಿದ್ದು, ಚಳ್ಳಕೆರೆ ಎಣ್ಣೆ ಮಿಲ್ಲಿನ ಊರಾಗಿದ್ದು ಇದೇ ಮಣ್ಣಿಂದ. ಆದ್ರೆ ನೀರು ನಿಲ್ಲಿಸಿಕೊಳ್ಳೋ ಶಕ್ತಿ ಇಲ್ಲ. ಇದಕ್ಕಿಂತ ದೊಡ್ಡ ತೊಂದ್ರೆ ಜೋರು ಮಳೆ ಹೊಡೆದ ಮೇಲಿಂದು. ಹನಿ ಹೊಡೆತಕ್ಕೆ ಸಣ್ಣ ಕಣ ಎಲ್ಲ ಎದ್ದು ಮೇಲಿನ ತೂತು ಮುಚ್ಚಿಬಿಡುತ್ತೆ, ಮಾರನೇ ದಿನ ಬಿಸಿಲಿಗೆ ಅದು ಹೆಂಚಿನ ಥರ ಗಟ್ಟಿ ಆಗುತ್ತೆ, ಮೊಳಕೆ ಮೇಲೆ ಬರೋಕಾಗಲ್ಲ, ಮುಂದಿನ ಮಳೆ ಮೇಲಿಂದ್ಲೇ ಜಾರಿ ಹಳ್ಳಕ್ಕೆ ಹೋಗುತ್ತೆ. ಮಳೆ ಬಂದು ಎರಡು ದಿನಕ್ಕೆ ಹಿತ್ತಲು ಒಣಗಿದೆ ಅಂತ ಗೋಳಾಡ್ತೀವಲ್ಲ, ಅಲ್ಲೇ ಒಂದು ಗೇಣು ಅಗೆದು ನೋಡಿ, ಎಷ್ಟೋ ಸಲ ಒಳಗೆ ನೀರು ಹೋಗೇ ಇರಲ್ಲ.

ಎರೆ ಪೂರ್ತಿ ಉಲ್ಟಾ. ಜೇಡಿಯೇ ಜಾಸ್ತಿ, ಅದೂ ನೀರು ಕುಡಿದ್ರೆ ಉಬ್ಬಿ ಒಣಗಿದ್ರೆ ಕುಗ್ಗೋ ಜಾತಿ ಜೇಡಿ, ಅದಕ್ಕೇ ಬೇಸಿಗೇಲಿ ಕೈ ಹೋಗೋವಷ್ಟು ಬಿರುಕು ಬಿಡೋದು. ನೀರು ತುಂಬಾ ಹಿಡಿಯುತ್ತೆ ಆದ್ರೆ ಹಿಡಿದಿದ್ದರಲ್ಲಿ ಸುಮಾರು ಪಾಲು ಬೇರಿಗೆ ಬಿಟ್ಟುಕೊಡಲ್ಲ, ನೋಡೋಕೆ ಇನ್ನೂ ತೇವ ಇರುತ್ತೆ ಗಿಡ ಆಗ್ಲೇ ಬಾಡಿರುತ್ತೆ. ಒದ್ದೆ ಇದ್ದಾಗ ಕಾಲಿಟ್ರೆ ಚಪ್ಪಲಿ ಬಿಡಲ್ಲ, ಒಣಗಿದ ಮೇಲೆ ಗುದ್ದಲಿ ಇಳಿಯಲ್ಲ, ಕೆಲಸ ಮಾಡೋಕೆ ಸಿಗೋ ಹದ ಎರಡು ಮೂರು ದಿನ ಅಷ್ಟೇ. ಆ ಹದ ಕಂಡುಹಿಡಿಯೋದೇ ಎರೆ ಹೊಲದವರ ವಿದ್ಯೆ, ನಮ್ಮವ್ವ ಒಂದು ಹಿಡಿ ಮಣ್ಣು ತಗೊಂಡು ಉಂಡೆ ಮಾಡಿ ಕೆಳಗೆ ಬಿಡ್ತಿದ್ಲು, ಬಿದ್ದು ಪುಡಿ ಆದ್ರೆ ಸರಿ, ಚಪ್ಪಟೆ ಆಗಿ ಅಂಟಿಕೊಂಡ್ರೆ "ಇನ್ನೊಂದಿನ ತಡೀರಿ" ಅನ್ನೋಳು. ಇವತ್ತಿಗೂ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಎರೆ ಮಣ್ಣಲ್ಲಿ ಸುಣ್ಣದ ಹರಳು ಇರುತ್ತೆ, ಬಿಳಿ ಬಿಳಿ ಗಂಟು, ಸ್ವಲ್ಪ ವಿನೆಗರ್ ಹಾಕಿದ್ರೆ ನೊರೆ ಬರುತ್ತೆ. ಅದು ಜಾಸ್ತಿ ಇದ್ರೆ ಪಿಎಚ್, ಅಂದ್ರೆ ಮಣ್ಣು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನೋ ಅಳತೆ, 8 ದಾಟಿರುತ್ತೆ ಅಂತ ಅಂದುಕೊಳ್ಳಿ. ಇಂಥಾ ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ, ನಿಂಬೆ, ದಾಸವಾಳ, ಗುಲಾಬಿ, ಮಲ್ಲಿಗೆ ಇವುಗಳ ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯೋದು ನೋಡಿರ್ತೀರ. ಜನ ಹಳದಿ ಕಂಡ ತಕ್ಷಣ ಯೂರಿಯಾ ಸುರೀತಾರೆ, ಅದರಿಂದ ಏನೂ ಆಗಲ್ಲ. ಸಾರಜನಕ ಕಡಿಮೆ ಆದ್ರೆ ಮೊದ್ಲು ಕೆಳಗಿನ ಹಳೇ ಎಲೆ, ಅದೂ ಪೂರ್ತಿ ಎಲೆ ಹಳದಿ ಆಗುತ್ತೆ. ಮೇಲಿನ ಚಿಗುರು ನರ ಬಿಟ್ಟು ಹಳದಿ ಆದ್ರೆ ಅದು ಕಬ್ಬಿಣದ್ದು. ಅನ್ನಭೇದಿ (ಫೆರಸ್ ಸಲ್ಫೇಟ್) ಒಂದು ಲೀಟರ್ ನೀರಿಗೆ 5 ಗ್ರಾಂ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ವಾರ ಹತ್ತು ದಿನ ಬಿಟ್ಟು ಇನ್ನೊಂದ್ಸಲ. ಬರೀ ಮಣ್ಣಿಗೆ ಹಾಕಿದ್ರೆ ಸುಣ್ಣ ಅದನ್ನೂ ಕಟ್ಟಿ ಹಾಕುತ್ತೆ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಕೊಳೆಸಿ ಹಾಕಿದ್ರೆ ಸ್ವಲ್ಪ ಪರವಾಗಿಲ್ಲ.

ಮೂರನೇದು ಸೌಳು. ಬೇಸಿಗೇಲಿ ನೆಲದ ಮೇಲೆ ಬಿಳಿ ಪುಡಿ ಕಟ್ಟೋದು, ಮಳೆಗಾಲದಲ್ಲಿ ನೀರು ಇಂಗದೇ ಕದಡಿಕೊಂಡು ನಿಲ್ಲೋದು. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕಂದ್ರೆ ಒಳ್ಳೆ ಮಣ್ಣನ್ನ ನಾವೇ ಕೈಯಾರೆ ಸೌಳು ಮಾಡ್ತಾ ಇದ್ದೀವಿ. ನಮ್ಮ ಬೋರ್ ನೀರು ಗಡಸು, ಆಳಕ್ಕೆ ಹೋದಷ್ಟೂ ಗಡಸು, ಹಲವು ಊರಲ್ಲಿ ಫ್ಲೋರೈಡ್ ಬೇರೆ. ದಿನಾ ಒಂದೊಂದು ಚೊಂಬು ಅಂತ ಬುಡಕ್ಕೆ ಹಾಕಿದ್ರೆ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಅಲ್ಲೇ ಬೇರಿನ ಹತ್ರ ಕೂರುತ್ತೆ. ಅದಕ್ಕಿಂತ ನಾಲ್ಕು ದಿನಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯೋವಷ್ಟು ಹಾಕೋದು ಒಳ್ಳೇದು, ಮಳೆ ಬಂದಾಗ ಮಳೆ ನೀರೇ ಬುಡಕ್ಕೆ ನಿಲ್ಲೋ ಹಂಗೆ ಪಾತಿ ಮಾಡಿ ಉಪ್ಪು ತೊಳೆದು ಕೆಳಗೆ ಕಳಿಸಬೇಕು. ಮತ್ತೆ ದಯವಿಟ್ಟು, ಮನೇಲಿ ಆರ್‌ಓ ಇರೋರು ಅದರ ವೇಸ್ಟ್ ನೀರು ಗಿಡಕ್ಕೆ ಬಿಡಬೇಡಿ. ನೀರು ಹಾಳು ಮಾಡಬಾರದು ಅನ್ನೋ ಮನಸ್ಸು ಒಳ್ಳೇದೇ, ಆದ್ರೆ ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಆ ಪೈಪಲ್ಲೇ ಬರೋದು, ಬೋರ್ ನೀರಿಗಿಂತ ಉಪ್ಪು ಅದು. ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ.

ಬದಲಿಗೆ ತಾರಸಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್ ನೀರು. 30/40 ಸೈಟಿನಷ್ಟು ತಾರಸಿ ಅಂದ್ರೆ 111 ಚದರ ಮೀಟರ್, ವರ್ಷಕ್ಕೆ 450 ಮಿ.ಮೀ. ಅಂದ್ರೆ 50 ಸಾವಿರ ಲೀಟರ್, ಐದರಲ್ಲೊಂದು ಪಾಲು ಹಾಳಾಯ್ತು ಅಂತ ಬಿಟ್ರೂ 40 ಸಾವಿರ. ಉಪ್ಪಿಲ್ಲದ, ಫ್ಲೋರೈಡ್ ಇಲ್ಲದ ನೀರು ಮೋರಿಗೆ ಹೋಗ್ತಾ ಇದೆ, ನಾವು ಸಾವಿರ ಅಡಿ ಬೋರ್ ಕೊರೆಸಿ ಉಪ್ಪು ನೀರು ಎತ್ತುತಾ ಇದ್ದೀವಿ, ಇದು ನನಗೆ ತಡೆಯೋಕಾಗದ ಸಂಕಟ. ಸಂಪು ಕಟ್ಟೋಕೆ ದುಡ್ಡಿಲ್ಲ ಅಂದ್ರೂ ಪೈಪಿನ ಬಾಯಿ ಹಿತ್ತಲ ಕಡೆ ತಿರುಗಿಸಿ ಒಂದು ಉದ್ದ ಗುಂಡಿಗೆ ಬಿಡಿ, ಅದರ ಸುತ್ತ ನುಗ್ಗೆ, ಕರಿಬೇವು, ನಿಂಬೆ ಹಾಕಿ.

ನಿಮ್ಮದು ಯಾವ ಮಣ್ಣು ಅಂತ ಅನುಮಾನ ಇದ್ರೆ ಒಂದು ಗಾಜಿನ ಬಾಟ್ಲಿಗೆ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷಕ್ಕೇ ತಳ ಸೇರುತ್ತೆ, ಅದರ ಮೇಲೆ ನುಣುಪಾದ ರೇವೆ ಒಂದೆರಡು ಗಂಟೇಲಿ, ಜೇಡಿ ಮಾರನೇ ದಿನಕ್ಕೂ ಪೂರ್ತಿ ಇಳಿದಿರಲ್ಲ. ಪದರ ನೋಡಿದ್ರೆ ಗೊತ್ತಾಗುತ್ತೆ. ಇದರ ಜೊತೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಎರಡನೇ ಸಲ ತುಂಬಿಸಿ ಎಷ್ಟೊತ್ತಿಗೆ ಇಂಗುತ್ತೆ ನೋಡಿ. ಅರ್ಧ ಗಂಟೇಲಿ ಖಾಲಿ ಆದ್ರೆ ನೀರು ಹಿಡಿಸೋ ಕೆಲಸ ಮಾಡಬೇಕು, ಮಾರನೇ ದಿನವೂ ನಿಂತಿದ್ರೆ ನೀರು ಬಿಡಿಸೋ ಕೆಲಸ.

ಹಿಡಿಸೋದು ಹೆಂಗೆ? ಕೆಂಪು ಮಣ್ಣಿಗೆ ನಮ್ಮ ಹಿರಿಯರು ಮಾಡ್ತಿದ್ದಿದ್ದು ಕೆರೆ ಗೋಡು ಹೊಡೆಯೋದು. ಬೇಸಿಗೇಲಿ ಕೆರೆ ಬತ್ತಿದ ಮೇಲೆ ಗಾಡಿ ಕಟ್ಟಿ ಹೂಳು ತಂದು ಹೊಲಕ್ಕೆ ಹರಡೋರು, ಅದರಲ್ಲಿ ಜೇಡಿನೂ ಇರುತ್ತೆ, ಹೊಲದಿಂದ ತೊಳೆದು ಹೋದ ಸಾರಾನೂ ಇರುತ್ತೆ, ಕೆರೆನೂ ಆಳ ಆಗೋದು. ಹಿತ್ತಲಿಗಾದ್ರೆ ಒಂದು ಟ್ರ್ಯಾಕ್ಟರ್ ಲೋಡು ಧಾರಾಳ ಆಯ್ತು, ಪುಡಿ ಮಾಡಿ ಒಂದೆರಡು ಇಂಚು ಹರಡಿ ಕಲಸಿ. ಎರೆ ಮಣ್ಣಿನವರು ಗೋಡು ತರಬೇಡಿ, ಇರೋ ಜೇಡಿಗೆ ಮತ್ತೆ ಜೇಡಿ ಯಾಕೆ. ಎರೆಗೆ ಮರಳು ಸುರಿಯೋರೂ ಇದ್ದಾರೆ, ನಾಲ್ಕು ಬುಟ್ಟಿ ಮರಳಿಂದ ಅದು ಬದಲಾಗಲ್ಲ, ಎರೆನೂ ಕೆಂಪೂ ಎರಡೂ ಸುಧಾರಿಸೋದು ಒಂದೇ ವಸ್ತುವಿಂದ, ಕೊಳೆತ ಗೊಬ್ಬರ. ಅದೂ ನಮ್ಮ ಬಿಸಿಲಿಗೆ ಬೇಗ ಕರಗಿ ಹೋಗುತ್ತೆ, ಒಂದ್ಸಲ ಹಾಕಿ ಸುಮ್ನಾಗೋ ಹಂಗಿಲ್ಲ, ವರ್ಷಾ ವರ್ಷಾ ಹಾಕ್ತಾ ಇರಬೇಕು.

ಗೊಬ್ಬರದ ವಿಷಯದಲ್ಲಿ ನಮ್ಮ ಸೀಮೆ ಬಡ ಸೀಮೆ ಅಲ್ಲವೇ ಅಲ್ಲ. ಕುರಿ ನಮ್ಮಲ್ಲಿರೋವಷ್ಟು ಎಲ್ಲಿವೆ? ಚಳ್ಳಕೆರೆ ಕಂಬಳಿ ಹೆಸರು ಮಾಡಿದ್ದು ಅದರಿಂದ್ಲೇ. ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿಕೊಂಡು ಕುರಿಯವರಿಗೆ ಕಾಳೋ ದುಡ್ಡೋ ಕೊಡೋದು ಹಳೇ ಪದ್ಧತಿ, ಹಿಕ್ಕೆ ಗಂಜಲ ಎರಡೂ ನೇರ ನೆಲಕ್ಕೆ. ಕುರಿ ಗೊಬ್ಬರದಲ್ಲಿ ದನದ ಗೊಬ್ಬರಕ್ಕಿಂತ ಸಾರಜನಕ ಜಾಸ್ತಿ, ಹಸಿದು ಗಿಡದ ಬುಡಕ್ಕೆ ಹಾಕಿದ್ರೆ ಸುಡುತ್ತೆ, ಒಂದೆರಡು ತಿಂಗಳು ಒದ್ದೆ ಮಾಡಿ ಮುಚ್ಚಿಟ್ಟು ಆಮೇಲೆ ಹಾಕಿ. ಮಿಲ್ಲಿನ ಕಡೆ ಹೋದ್ರೆ ಶೇಂಗಾ ಹೊಟ್ಟು ಸಿಗುತ್ತೆ, ಬೇವಿನ ಹಿಂಡಿ, ಹೊಂಗೆ ಹಿಂಡಿ ಸಿಗುತ್ತೆ. ಬದುವಿನ ಮೇಲೆ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ನಾಲ್ಕು ಕಡ್ಡಿ ನೆಟ್ರೆ ಸಾಕು, ಬೇರೂರಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿದು ಬುಡಕ್ಕೆ ಹಾಕ್ಬೋದು, ಕುರಿ ಮೇಕೆ ಹಾವಳಿ ಇರೋ ನಮ್ಮ ಕಡೆಗೆ ಬೇಲಿಗೂ ಆಗುತ್ತೆ.

ಈ ಶೇಂಗಾ ಹೊಟ್ಟು ನನಗೆ ಬಹಳ ಇಷ್ಟದ ವಸ್ತು. ಬೇಗ ಕೊಳೆಯಲ್ಲ, ಅದಕ್ಕೇ ನೆಲಕ್ಕೆ ಹೊದಿಕೆಯಾಗಿ ಚೆನ್ನ. ಮೂರು ಇಂಚು ಹರಡಿದ್ರೆ ಮಳೆ ಹನಿ ನೇರ ಮಣ್ಣಿಗೆ ಹೊಡೆಯಲ್ಲ, ಕೆಂಪು ಮಣ್ಣು ಗಟ್ಟಿ ಆಗೋದು ತಪ್ಪುತ್ತೆ, ಕೆಳಗೆ ತೇವ ದಿನಗಟ್ಲೆ ಇರುತ್ತೆ. ಎರಡು ತೊಂದ್ರೆ ಇದೆ. ಒಂದು ಗೆದ್ದಲು, ಒಣ ಹೊದಿಕೆ ಕಂಡ್ರೆ ಬಂದೇ ಬರುತ್ತೆ, ಹೊಟ್ಟನ್ನ ಕಾಂಡಕ್ಕೆ ತಾಗಿಸದೇ ನಾಲ್ಕು ಬೆರಳು ಬಿಟ್ಟು ಹಾಕಿ, ಕೆಳಗೆ ಒಂದು ಹಿಡಿ ಬೇವಿನ ಹಿಂಡಿ ಕಲಸಿ. ಇನ್ನೊಂದು ಆಷಾಢದ ಗಾಳಿ, ಎಲ್ಲ ಪಕ್ಕದ ಮನೆ ಅಂಗಳಕ್ಕೆ ಹಾರಿಹೋಗುತ್ತೆ, ಅದಕ್ಕೆ ಮೇಲೆ ಚಪ್ಪಟೆ ಕಲ್ಲು ಹೇರಬೇಕು. ಕಲ್ಲಿನ ಬಗ್ಗೆ ಇನ್ನೊಂದು ಮಾತು, ಹಿತ್ತಲು ಚೊಕ್ಕ ಮಾಡೋ ಹುಮ್ಮಸ್ಸಲ್ಲಿ ಕಲ್ಲೆಲ್ಲ ಆರಿಸಿ ಆಚೆ ಎಸೀಬೇಡಿ. ಗಿಡದ ಸುತ್ತ ಕಲ್ಲು ಹರಡಿ ಒಂದು ವಾರ ಆದ್ಮೇಲೆ ಎತ್ತಿ ನೋಡಿ, ಕೆಳಗೆ ಮಣ್ಣು ತಣ್ಣಗೆ ಒದ್ದೆಯಾಗಿರುತ್ತೆ.

ನೀರು ಕೊಡೋದಕ್ಕೆ ಡ್ರಿಪ್ ಒಳ್ಳೇದೇ, ಆದ್ರೆ ನಮ್ಮ ಗಡಸು ನೀರಿಗೆ ಅದರ ತೂತು ಕಟ್ಟಿಕೊಳ್ಳುತ್ತೆ. ಸಣ್ಣ ಹಿತ್ತಲಿಗೆ ನಾನು ಮಡಕೆನೇ ಹೇಳೋದು. ಬಣ್ಣ ಬಳಿಯದ ಮಣ್ಣಿನ ಮಡಕೆ, 5ರಿಂದ 10 ಲೀಟರ್ ಹಿಡಿಯೋದು, ಕುತ್ತಿಗೆವರೆಗೆ ಹೂಳಿ ನೀರು ತುಂಬಿಸಿ ಬಾಯಿಗೆ ಮುಚ್ಚಳ ಇಡಿ, ಸುತ್ತ ಒಂದು ಗೇಣು ದೂರದಲ್ಲಿ ಬದನೆ, ಮೆಣಸಿನ ಗಿಡ, ಹೀರೆ, ಹಾಗಲ ಹಾಕಿ. ಮಣ್ಣು ಒಣಗಿದಷ್ಟೂ ಮಡಕೆ ಹೆಚ್ಚು ಜಿನುಗುತ್ತೆ, ತೇವ ಇದ್ರೆ ಜಿನುಗಲ್ಲ, ನೀವು ಮದುವೆ ಮುಂಜಿ ಅಂತ ಎರಡು ದಿನ ಊರಿಗೆ ಹೋದ್ರೂ ಗಿಡ ಉಳಿಯುತ್ತೆ. ಸುಣ್ಣ ಕಟ್ಟಿ ಜಿನುಗೋದು ಕಮ್ಮಿ ಆದ್ರೆ ಮಡಕೆ ಬದಲಾಯಿಸಿದ್ರಾಯ್ತು. ಕೆಂಪು ಮಣ್ಣಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತೆ, ಎರೆಯಲ್ಲಿ ಮಣ್ಣು ಉಬ್ಬಿ ಕುಗ್ಗಿ ಮಡಕೆ ಸೀಳೋ ಸಂಭವ ಇದೆ.

ಪಾತಿ ಎತ್ತರಿಸಬೇಕಾ ತಗ್ಗಿಸಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. ಈಗ ಎಲ್ಲಿ ನೋಡಿದ್ರೂ ಎತ್ತರದ ಮಡಿ ಕಟ್ಟಿ, ಇಟ್ಟಿಗೆ ಜೋಡಿಸಿ ಅಂತಾರೆ. ಕೆಂಪು ಮಣ್ಣಿನ ಒಣ ಸೀಮೇಲಿ ಎತ್ತರದ ಮಡಿ ಮಾಡಿದ್ರೆ ನಾಲ್ಕೂ ಕಡೆಯಿಂದ ಗಾಳಿ ಹೊಡೆದು ಬೇಗ ಒಣಗುತ್ತೆ, ಅಲ್ಲಿ ನೆಲಕ್ಕಿಂತ ಅರ್ಧ ಅಡಿ ತಗ್ಗು ಪಾತಿ ಮಾಡಿ. ಎರೆಯಲ್ಲಿ ಮಾತ್ರ ಹಿಂಗಾರು ಹುಯ್ಯೋವಾಗ ಬುಡಕ್ಕೆ ನೀರು ನಿಂತು ಬೇರು ಕೊಳೆಯುತ್ತೆ, ಅಲ್ಲಿ ಏರು ಮಾಡಿ ಅದರ ಮೇಲೆ ಸಸಿ.

ಯಾವಾಗ ನೆಡೋದು ಅನ್ನೋದರಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜೂನ್ 5ಕ್ಕೆ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ, 1950ರಿಂದ ನಡೆದು ಬಂದಿರೋದು, ದೇಶಕ್ಕೆಲ್ಲ ಒಂದೇ ತಾರೀಕು. ಮಲೆನಾಡಿಗೆ ಅದು ಸರಿ. ನಮ್ಮಲ್ಲಿ ಆ ಹೊತ್ತಿಗೆ ನೆಟ್ಟ ಸಸಿ ಎರಡು ತಿಂಗಳು ಬರೀ ಒಣ ಗಾಳಿ ತಿನ್ನುತ್ತೆ, ಸ್ಕೂಲ್ ಕಾಂಪೌಂಡಲ್ಲಿ ಮಕ್ಕಳು ಅಷ್ಟು ಪ್ರೀತಿಯಿಂದ ನೆಟ್ಟಿದ್ದು ಆಗಸ್ಟಿಗೆ ಕಡ್ಡಿ ಆಗಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಗುಂಡಿ ಏಪ್ರಿಲ್ ಮೇ ಬಿಸಿಲಲ್ಲೇ ತೋಡಿ, ಹಣ್ಣಿನ ಗಿಡಕ್ಕೆ ಮೂರಡಿ ಉದ್ದ ಅಗಲ ಆಳ, ಬಿಸಿಲು ಕಾಯಲಿ, ಮೇಲ್ಮಣ್ಣು ಗೊಬ್ಬರ ಬೇವಿನ ಹಿಂಡಿ ಕಲಸಿ ತುಂಬಿ ಮುಂಗಾರಿನ ಹನಿಯನ್ನ ಗುಂಡಿಗೆ ಕುಡಿಸಿ, ಸಸಿ ಮಾತ್ರ ಹುಬ್ಬೆ ಮಳೆ ಹೊತ್ತಿಗೆ, ಆಗಸ್ಟ್ ಕೊನೆ ಸೆಪ್ಟೆಂಬರ್ ಮೊದಲಿಗೆ ನೆಡಿ. ಮುಂದೆ ಎರಡು ತಿಂಗಳ ಮಳೆ, ಆಮೇಲೆ ಚಳಿಗಾಲ, ಬೇಸಿಗೆ ಬರೋ ಹೊತ್ತಿಗೆ ಬೇರು ಕೆಳಗಿಳಿದಿರುತ್ತೆ.

ಏನು ಹಾಕೋದು ಅಂತ ಈಗ ಹೇಳ್ಬೋದು. ಕೆಂಪಿಗೆ ಸೀತಾಫಲ, ನೆಲ್ಲಿ, ನುಗ್ಗೆ, ಹುಣಸೆ, ಬಾರೆ, ನೀರಿಗೆ ಸ್ವಲ್ಪ ಅನುಕೂಲ ಇದ್ರೆ ನಿಂಬೆ ಸಪೋಟ. ತರಕಾರೀಲಿ ಗೋರಿಕಾಯಿ, ಅವರೆ, ಅಲಸಂದೆ, ಬೆಂಡೆ, ಬದನೆ. ಹೂವಿಗೆ ಕನಕಾಂಬರ, ಕಾಕಡ. ಎರೆಗೆ ಹತ್ತಿ ಕಡಲೆ ಬರೋ ಮಣ್ಣು ಅಂತ ನೆನಪಿಟ್ಟುಕೊಂಡು ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ, ತೊಗರಿ, ಬಾರೆ ಹಾಕಿ, ಗಡ್ಡೆ ತರಕಾರಿ ಬೇಡ. ಅಡಿಕೆ ಸಸಿ ತರೋರನ್ನ ಕಂಡ್ರೆ ಮಾತ್ರ ನಾನು ಕೈ ಮುಗಿದು ಬೇಡ ಅಂತೀನಿ.

ನಮ್ಮ ಮಣ್ಣು ತಾನಾಗೇ ಏನು ಬೆಳೆಯುತ್ತೆ ಅಂತ ನೋಡಬೇಕು ಅಂದ್ರೆ ಅಮೃತ ಮಹಲ್ ದನ ಮೇಯಿಸೋಕೆ ಅಂತ ಹಿಂದೆ ಮೈಸೂರು ಅರಸರು ಮೀಸಲಿಟ್ಟ ಕಾವಲುಗಳಲ್ಲಿ ಉಳಿದಿರೋ ಹುಲ್ಲುಗಾವಲಿಗೆ ಹೋಗಿ. ಸರ್ಕಾರಿ ಭಾಷೇಲಿ ಅದೆಲ್ಲ ಬಂಜರು. ಮಳೆಗಾಲದ ಕೊನೇಲಿ ಮೊಣಕಾಲೆತ್ತರ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಕಾರೆ. ಅಲ್ಲಿ ನೆಲ ಬೋಳಾಗಿರಲ್ಲ, ಹುಲ್ಲಿನ ಬೇರು ಮಣ್ಣನ್ನ ಹಿಡ್ಕೊಂಡಿರುತ್ತೆ, ಮಳೆ ನೀರು ಸದ್ದಿಲ್ಲದೇ ಒಳಗಿಳಿಯುತ್ತೆ. ಅದು ಬಂಜರು ಅನ್ನೋ ಮಾತನ್ನ ನಾನು ಒಪ್ಪಲ್ಲ.

ಕೊನೇದಾಗಿ ಮಣ್ಣು ಪರೀಕ್ಷೆ. ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ 2015ರಲ್ಲಿ ಶುರುವಾಯ್ತು, 12 ಅಂಶ ನೋಡ್ತಾರೆ. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ 2009ರಲ್ಲಿ ಭೂಚೇತನ ಅನ್ನೋ ಯೋಜನೆ ಮಾಡಿದಾಗಲೇ ಒಣ ಬೇಸಾಯದ ಭೂಮೀಲಿ ಗಂಧಕ, ಸತು, ಬೋರಾನ್ ಕೊರತೆ ಎಷ್ಟಿದೆ ಅಂತ ಗೊತ್ತಾಗಿತ್ತು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರೋ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಇಲ್ಲಾ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಾದರಿ ತೆಗೆಯೋವಾಗ ಮೇಲಿನ ಕಸ ಸರಿಸಿ, ಆರಿಂಚು ಆಳಕ್ಕೆ ವಿ ಆಕಾರದಲ್ಲಿ ಗುಂಡಿ ಮಾಡಿ ಪಕ್ಕದಿಂದ ಕೆರೆದು ತಗೊಳ್ಳಿ, ಎಂಟತ್ತು ಕಡೆದು ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರು ಭಾಗ ಬಿಡ್ತಾ ಬಂದು ಅರ್ಧ ಕೆ.ಜಿ. ಉಳಿಸಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ತಿಪ್ಪೆ ಪಕ್ಕದ್ದು, ಮರದ ಬುಡದ್ದು, ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದ್ದು ಬೇಡ. ಬೇಸಿಗೇಲೇ ಕೊಟ್ರೆ ಮಳೆಗಾಲಕ್ಕೆ ಮುಂಚೆ ಫಲಿತಾಂಶ ಕೈಲಿರುತ್ತೆ. ಕಾರ್ಡ್ ಬಂದ ಮೇಲೆ ಮೊದ್ಲು ನೋಡಬೇಕಾದ್ದು ಸಾವಯವ ಇಂಗಾಲ, ಶೇ. 0.5ಕ್ಕಿಂತ ಕಡಿಮೆ ಇದ್ರೆ ಬೇರೆ ಏನು ಹಾಕೋಕೂ ಮುಂಚೆ ಕುರಿ ಗೊಬ್ಬರದ ಏರ್ಪಾಟು ಮಾಡಿ. ಆಮೇಲೆ ಪಿಎಚ್. 8.5 ದಾಟಿ ಸೌಳು ಅಂತ ಬಂದ್ರೆ ಜಿಪ್ಸಂ ಎಷ್ಟು ಅಂತ ಅಲ್ಲೇ ಕೇಳಿಕೊಳ್ಳಿ. ನಮ್ಮ ರೈತರಿಗೆ ಜಿಪ್ಸಂ ಹೊಸದಲ್ಲ, ಶೇಂಗಾಕ್ಕೆ ಕಾಯಿ ತುಂಬ್ಲಿ ಅಂತ ಹಾಕ್ತಾನೇ ಬಂದಿದ್ದಾರೆ. ಸೌಳಿಗೆ ಹಾಕೋದಾದ್ರೆ ಹಿಂಗಾರು ಮಳೆಗೆ ಮುಂಚೆನೇ ಹಾಕಿ ಕಲಸಿ, ನೀರು ಬಸಿದು ಹೋಗೋಕೆ ಒಂದು ಕಾಲುವೆ ಬಿಡಿ, ಮಣ್ಣನ್ನ ಸೌಳು ಮಾಡೋದು ಸೋಡಿಯಂ, ಜಿಪ್ಸಂ ಬಿಡಿಸಿದ ಆ ಸೋಡಿಯಂನ ಮಳೆ ನೀರು ತೊಳ್ಕೊಂಡು ಹೋಗದಿದ್ರೆ ಹಾಕಿದ ಜಿಪ್ಸಂ ದಂಡ.